ಬೌಲಿಂಗಿಗೆಂದು ಬಂದವನು

ಅವನು ಕುವೈತಿಗೆ ಬಂದದ್ದು ಎಸಿ ಮೆಕ್ಯಾನಿಕ್ ವೀಸಾದಲ್ಲಿ. ಕರೆಸಿಕೊಂಡದ್ದು ಮಾತ್ರ ಬೌಲಿಂಗಿಗೆ. ನಮ್ಮ ಕಂಪನಿಯ ಮ್ಯಾನೇಜರರಿಗೆ ಕ್ರಿಕೆಟ್ ಹುಚ್ಚು. ಗದಗಿನ ಕಡೆಯ ಟೂರ್ನಮೆಂಟೊಂದರಲ್ಲಿ ಅವನು ಸ್ಟಂಪು ಮುರಿದ ವಿಡಿಯೋ ನೋಡಿ ಟಿಕೆಟ್ ಕಳಿಸಿದ್ದರು. ರಿಗ್ಗೈ ಬಡಾವಣೆಯ ಕಂಪನಿ ಫ್ಲಾಟಿನಲ್ಲಿ ನನ್ನ ಕೋಣೆಗೇ ಬಂದ. ನಾನು ಉಡುಪಿಯವನು, ಸ್ಟೋರಿನಲ್ಲಿ ಕೆಲಸ, ತಂಡಕ್ಕೆ ವಿಕೆಟ್ ಕೀಪರ್.

ಕೆಲವು ವರ್ಷ ಅವನ ಚೆಂಡು ಹಿಡಿದೆ. ಶುಕ್ರವಾರ ಮರಳು ನೆಲದ ಮ್ಯಾಟಿನಿಂದ ಎದ್ದು ಬಂದ ಚೆಂಡು ಗ್ಲೌಸಿಗೆ ಬಡಿದರೆ ಶನಿವಾರ ಚಪಾತಿ ಹರಿಯಲೂ ಬೆರಳು ಬಗ್ಗುತ್ತಿರಲಿಲ್ಲ. ಕಪ್ ಗೆದ್ದೆವು. ಬೇಸಿಗೆಯಲ್ಲಿ ಉಳಿದವರು ತಾರಸಿಗೆ ಕಂಪ್ರೆಸರ್ ಹೊರುವಾಗ ಅವನಿಗೆ ವರ್ಕ್‌ಶಾಪಿನ ನೆರಳು ಸಿಗುತ್ತಿತ್ತು.

ಭುಜ ಕೆಟ್ಟದ್ದು ಮೊದಲು ತಿಳಿದದ್ದು ನನ್ನ ಅಂಗೈಗೆ. ಪೆಟ್ಟು ಮೆತ್ತಗಾಗಿತ್ತು. ಕೇಳಿದರೆ ಮ್ಯಾಟ್ ಹಳೆಯದಾಯಿತೆಂದ. ಆಮೇಲೊಮ್ಮೆ ಅಂಗಿ ತೊಡಲು ಎಡಗೈಯಿಂದ ಬಲಗೈ ಎತ್ತಿಕೊಳ್ಳುವುದನ್ನು ಕಂಡು ಜಾಬ್ರಿಯಾದ ಡಾಕ್ಟರರಲ್ಲಿಗೆ ಕರೆದೊಯ್ದೆ. ಒಳಗೆ ಸ್ನಾಯು ಅರ್ಧ ಹರಿದಿದೆ, ಆಡಲೇಬಾರದು ಎಂದರು. ಮ್ಯಾನೇಜರ್ ಸೆಮಿಫೈನಲ್ ಒಂದು ಮುಗಿಯಲಿ ಎಂದು ಬೇರೆ ಕಡೆ ನೋವಿನ ಇಂಜೆಕ್ಷನ್ ಕೊಡಿಸಿದರು.

ಸೆಮಿಫೈನಲಿನ ಬೆಳಿಗ್ಗೆ ಕಾರಿನಲ್ಲಿ ದಾರಿಯುದ್ದಕ್ಕೂ ಬೇಡವೆಂದೆ.

“ಅಣ್ಣಾ, ಬೌಲಿಂಗ್ ಬಿಟ್ರ ನಾ ಯಾರ್ರೀ ಇಲ್ಲಿ?” ಎಂದ. “ಎಸಿ ಕೆಲಸಾನೂ ನನಗ ಪೂರಾ ಬರಂಗಿಲ್ಲ.”

ಎರಡನೆಯ ಓವರಿನಲ್ಲಿ ಚೆಂಡು ಅವನ ಕೈಯಿಂದ ಜಾರಿ ಅಂಪೈರರ ಪಕ್ಕದಲ್ಲೇ ಬಿತ್ತು. ಅವನು ಮೊಣಕಾಲೂರಿ ಕುಳಿತ. ತೋಳು ಬೇರೆ ಯಾರದೋ ಎಂಬಂತೆ ಜೋತುಬಿದ್ದಿತ್ತು.

ಆಪರೇಷನ್ ಆದ ಮೇಲೂ ಕೈ ಎದೆಮಟ್ಟ ದಾಟಲಿಲ್ಲ. ಅವನನ್ನು ಜಹ್ರಾದ ಸೈಟಿಗೆ ಹಾಕಿದರು. ಅಲ್ಲಿ ಏಣಿ ಹತ್ತಲಾಗಲಿಲ್ಲ. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿದಾಗ ಕಂಪನಿ ಮತ್ತೆ ಮಾಡಿಸಲಿಲ್ಲ. ಹೇಳಿಹೋಗಲು ಬಂದವನಿಗೆ ಮ್ಯಾನೇಜರ್ ಮೊಬೈಲಿನಿಂದ ತಲೆಯೆತ್ತದೆ, ಖಲಾಸ್ ಭಾಯಿ, ಊರಲ್ಲಿ ರೆಸ್ಟ್ ತಗೋ ಎಂದರಂತೆ.

ಈಗ ಊರಲ್ಲಿ ತಮ್ಮನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ. ನನ್ನ ಕೋಣೆಯ ಅವನ ಮಂಚಕ್ಕೆ ಪುಣೆಯ ಕಡೆಯ ಹೊಸ ಬೌಲರ್ ಬಂದಿದ್ದಾನೆ. ಮೊನ್ನೆ ಊರಿನಿಂದ ಫೋನ್ ಮಾಡಿದವನು ಮೊದಲು ಕೇಳಿದ್ದೇ ಅದು.

“ಹೊಸಬಾ ಹೆಂಗ ಹಾಕ್ತಾನ್ರೀ?”

“ಜೋರುಂಟು ಮಾರಾಯ.”

ಅಂಗಡಿಯ ಗಿರಾಕಿಯೊಬ್ಬನಿಗೆ ತಡಿ ಎಂದದ್ದು ಕೇಳಿಸಿತು.

“ನನಗಿಂತಾನೂ?”

ಇಲ್ಲವೆಂದೆ. ಅದು ನಿಜವೇ ಆಗಿತ್ತು. ಅವನು ನಂಬಲಿಲ್ಲ.