ಇಳಿಯುವ ದನಿಗಳಿಗೆ ಹಾಡು ಹೊಲಿಯುವ ಎಲೆರಿ

ಬೆಳಗಿನ ಜಾವ. ಕಣಿವೆಯ ನಮ್ಮೂರು ಕುಮ್‌ಹೆಲಿಗ್‌ನ ಬೀದಿದೀಪಗಳು ಇನ್ನೂ ಆರಿಲ್ಲ. ನಮ್ಮ ಅಡುಗೆಮನೆಯ ಸಿಂಕಿನ ಮುಂದೆ ನಿಂತರೆ ಹಿತ್ತಿಲ ಗೋಡೆಯಾಚೆ ಎಲೆರಿ ಪ್ರೋಸರ್ ಅವರ ಕಿಟಕಿ ಕಾಣುತ್ತದೆ. ಅಲ್ಲಿ ಆಗಲೇ ಬೆಳಕಿದೆ. ಬ್ರೆಡ್ಡಿನ ಡಬ್ಬಿಗೆ ಫೋನು ಒರಗಿಸಿಟ್ಟು ಎಲೆರಿ ಅದರ ಮುಂದೆ ಕೂತಿದ್ದಾರೆ. ನಗುತ್ತಾರೆ, ಏನೋ ಹೇಳುತ್ತಾರೆ, ಎದ್ದು ಬಂದು ರೆಕಾರ್ಡಿಂಗ್ ನಿಲ್ಲಿಸುತ್ತಾರೆ, ಮತ್ತೆ ಕೂತು ನಗುತ್ತಾರೆ. ಮೇಲೆ ಇಸ್ತ್ರಿ ಮಾಡಿದ ನೀಲಿ ಅಂಗಿ. ಕೆಳಗೆ ಮೊಣಕಾಲು ಸವೆದ ಪೈಜಾಮ.

ತಟ್ಟೆ ಹಿಂದಿರುಗಿಸುವ ನೆಪದಲ್ಲಿ ಹೋಗುತ್ತೇನೆ.

"ಬಾ, ಬಾಗಿಲು ಮೆಲ್ಲಗೆ ಹಾಕು. ಆ ಕಡೆ ಮನೆಯವನು ರಾತ್ರಿಪಾಳಿ ಮುಗಿಸ್ಕೊಂಡು ಈಗ ತಾನೆ ಮಲಗಿದಾನೆ," ಎನ್ನುತ್ತಾರೆ. "ನಾಲ್ಕು ಸಲ ಆಯ್ತು ಕಣೇ. ಒಂದು ಸಲ ಹಕ್ಕಿ ಕಿರುಚ್ತು, ಒಂದು ಸಲ ನಾನೇ ಸೀನಿದೆ. ಮಿಕ್ಕ ಎರಡು ಸಲ ಹಾಡೆಲ್ಲ ಸರಿ ಇತ್ತು, ಮುಖ ಸರಿ ಇರ್ಲಿಲ್ಲ."

"ಮುಖಕ್ಕೇನಾಗಿದೆ?"

"ಕೆಲಸ ಕೊಡಿ ಅಂತ ಕೇಳೋ ಮುಖ ಥರ ಕಾಣ್ತಿತ್ತು. ಹಾಗೆ ಕಂಡ್ರೆ ಯಾರೂ ಕೊಡಲ್ಲ."

ಐವತ್ಮೂರು ವರ್ಷದ ಎಲೆರಿ ಸಂಗೀತ ರಚಿಸಿ ಬದುಕುವವರು. ಯಾರ ನೌಕರಿಯಲ್ಲೂ ಇಲ್ಲ. ಹಿಂದೆ ಶಾಲೆಗಳಲ್ಲಿ ಸಂಗೀತ ಕಲಿಸುತ್ತಿದ್ದರು. ಖರ್ಚು ಉಳಿಸಲು ಸಂಗೀತದ ಮೇಷ್ಟ್ರುಗಳನ್ನು ತೆಗೆದುಹಾಕಿದ ವರ್ಷ ಮನೆಗೆ ಬಂದವರು, ಅಡುಗೆಮನೆಯ ಮೂಲೆಯಲ್ಲಿ ವಿದ್ಯುತ್ ಪಿಯಾನೋ ಇಟ್ಟುಕೊಂಡು ಕೂತರು. ಅಂದಿನಿಂದ ಅದೇ ಕಾರ್ಖಾನೆ. ಈ ವರ್ಷ ಕಾರ್ಪೆಟ್ ಅಂಗಡಿಯೊಂದರ ರೇಡಿಯೋ ಜಾಹೀರಾತಿಗೆ ರಾಗ, ಯುಕುಲೇಲೆ ಎಂಬ ಪುಟ್ಟ ಗಿಟಾರು ನುಡಿಸುವ ನಿವೃತ್ತ ಹೆಂಗಸರ ಗುಂಪಿಗೆ ಎರಡು ಹಾಡು, ಒಂದು ಮದುವೆಗೆ ವಧು ನಡೆದುಬರುವಾಗಿನ ವಾದ್ಯಸಂಗೀತ.

"ಅಂಗಡಿಯವನು ಏನಂದ ಗೊತ್ತಾ? ಸಂತೋಷ ಇರ್ಬೇಕು, ಆದ್ರೆ ಅಗ್ಗದ ಸಂತೋಷ ಬೇಡ, ಉಣ್ಣೆ ಥರದ್ದು ಬೇಕು ಅಂದ. ಮೂರು ಸಲ ತಿದ್ದಿಸಿ ಕೊನೆಗೆ ಮೊದಲ್ನೇದನ್ನೇ ಇಟ್ಕೊಂಡ."

ಬರೆಯುವುದು ಅರ್ಧ ಕೆಲಸ. ಬರೆಯುವವಳೊಬ್ಬಳು ಇಲ್ಲಿದ್ದಾಳೆ ಎಂದು ಜಗತ್ತಿಗೆ ನೆನಪಿಸುತ್ತಿರುವುದು ಇನ್ನರ್ಧ. ಅದಕ್ಕೇ ಈ ಬೆಳಗಿನ ವಿಡಿಯೋ. "ಹಾಡು ಹಾಕಿದ್ರೆ ಬೆರಳೆಣಿಕೆ ಜನ ನೋಡ್ತಾರೆ, ಅದ್ರಲ್ಲಿ ಇಬ್ರು ನಮ್ಮ ಚಿಕ್ಕಮ್ಮಂದಿರು. ಯಾರದೋ ನಾಯಿ ಪಿಯಾನೋ ಮುಂದೆ ಕೂತಿರೋ ಫೋಟೋ ಹಾಕಿದೆ ನೋಡು, ಊರಿಗೂರೇ ನೋಡ್ತು. ನಾಯಿ ಮದುವೆಗಳಿಗೆ ಬರುತ್ತಾ ಅಂತ ಒಬ್ರು ಕೇಳಿದ್ರು." ನಗುತ್ತಲೇ ತಣ್ಣಗಾದ ಚಹಾ ಕುಡಿಯುತ್ತಾರೆ. ಅದನ್ನು ಬಿಸಿಮಾಡಿಕೊಳ್ಳುವುದು ಅವರಿಗೆ ಹೊಳೆಯುವುದೇ ಇಲ್ಲ.

ಇವೆಲ್ಲ ಹೊಟ್ಟೆಪಾಡು. ಎಲೆರಿಯ ಮನಸ್ಸಿರುವುದು ಈ ಕಣಿವೆಗಳ ಗಂಡಸರ ಗಾಯನವೃಂದಗಳಲ್ಲಿ. ಅವರ ಅಪ್ಪ ಕುಮ್‌ಹೆಲಿಗ್ ವೃಂದದಲ್ಲಿ ತಳದನಿ ಹಾಡುತ್ತಿದ್ದವರು. ಕಲ್ಲಿದ್ದಲು ಗಣಿಯ ಕಾಲದಲ್ಲಿ ಇಲ್ಲಿ ಹಾಡುವವರಿಗೆ ನಿಲ್ಲಲು ಜಾಗವಿರುತ್ತಿರಲಿಲ್ಲವಂತೆ. ಗಣಿ ಮುಚ್ಚಿತು, ಹಾಡು ನಿಲ್ಲಲಿಲ್ಲ. ಹಾಡುವವರು ಮಾತ್ರ ಒಬ್ಬೊಬ್ಬರಾಗಿ ಕಡಿಮೆಯಾದರು. ದೊಡ್ಡ ಗುಂಪಿಗೆಂದು ಬರೆದ ಹಾಡುಗಳನ್ನು ಉಳಿದವರಿಗೆ ಹೊಂದಿಸಿಕೊಡುವುದು ಎಲೆರಿಯ ಕಸುಬಾಯಿತು. ಬೆಳೆಯುವ ಮಕ್ಕಳ ಬಟ್ಟೆಯ ಅಂಚು ಬಿಚ್ಚಿ ವರ್ಷವರ್ಷವೂ ಉದ್ದ ಮಾಡುವುದು ನಮಗೆಲ್ಲ ಗೊತ್ತಿರುವ ಕೆಲಸ. ಎಲೆರಿ ಮಾಡುವುದು ಅದರ ತಿರುಗುಮುರುಗು.

ಈ ವೃಂದಗಳಲ್ಲಿ ನಾಲ್ಕು ದನಿಗಳಿರುತ್ತವೆ: ಮೇಲುದನಿ, ಎರಡನೆಯ ದನಿ, ನಡುದನಿ, ತಳದನಿ. ವಯಸ್ಸಾದಂತೆ ಮೊದಲು ಕೈಕೊಡುವುದು ಮೇಲುದನಿ. ಕುಮ್‌ಹೆಲಿಗ್‌ನಲ್ಲಿ ಹೋದ ವರ್ಷದ ಹೊತ್ತಿಗೆ ಮೇಲುದನಿಯಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬರು ಬ್ರೆಡ್ ವ್ಯಾನ್ ಓಡಿಸಿ ನಿವೃತ್ತರಾದ, ಎಂಬತ್ತು ದಾಟಿದ ಎಮ್ಲಿನ್. ಇನ್ನೊಬ್ಬರು ಅವರಿಗಿಂತ ಕಿರಿಯರಾದ ಗೆಥಿನ್.

ಎಮ್ಲಿನ್ ಅವರ ದನಿ ಇಷ್ಟು ದಿನ ಉಳಿದದ್ದರ ಹಿಂದೆ ಒಂದು ಗುಟ್ಟಿತ್ತು. ಅದನ್ನು ಇಲ್ಲಿ ಬರೆಯಲೇ ಎಂದು ಎಲೆರಿಯನ್ನು ಕೇಳಿದೆ. "ಬರಿ. ಈಗ ಊರಿಗೆಲ್ಲ ಗೊತ್ತಾಗಿದೆಯಲ್ಲ," ಎಂದರು.

ಇಲ್ಲಿನ ಹಿರಿಯರು ಓದುವುದು ಪಿಯಾನೋದವರ ಗೆರೆ-ಚುಕ್ಕೆಯ ಬರಹವನ್ನಲ್ಲ. ಅವರ ಹಾಳೆಯಲ್ಲಿರುವುದು ಡೋ, ರೇ, ಮೀ ಎಂಬ ಅಕ್ಷರಗಳು. ನಮ್ಮ ಸರಿಗಮದಂತೆಯೇ, ಶ್ರುತಿ ಬದಲಾದರೂ ಅಕ್ಷರ ಬದಲಾಗುವುದಿಲ್ಲ. ಡೋ ಪಿಯಾನೋದ ಯಾವ ಮನೆಯಲ್ಲಿ, ಎಂದರೆ ಯಾವ ಕೀಲಿಯಲ್ಲಿ, ಇದೆ ಎಂಬುದು ಹಾಳೆಯ ತಲೆಯಲ್ಲಿ ಸಣ್ಣಗೆ ಬರೆದಿರುತ್ತದೆ. ಅದನ್ನು ನೋಡುವುದು ಪಿಯಾನೋ ನುಡಿಸುವವರೊಬ್ಬರೇ. ಒಮ್ಮೆ ಎಮ್ಲಿನ್ ಮೇಲಿನ ಸ್ವರಕ್ಕೆ ಏರುವಾಗ ಅವರ ಕುತ್ತಿಗೆಯ ನರ ಉಬ್ಬಿದ್ದನ್ನು ಎಲೆರಿ ನೋಡಿದರು. ಮುಂದಿನ ವಾರ ಪಿಯಾನೋ ನುಡಿಸುವ ಬೆಟಿಯಮ್ಮನ ಕಿವಿಯಲ್ಲಿ ಒಂದು ಮಾತು ಹೇಳಿದರು. ಹಾಡು ಒಂದು ಮನೆ ಕೆಳಗಿಳಿಯಿತು. ಯಾರಿಗೂ ತಿಳಿಯಲಿಲ್ಲ. ಕೆಲವು ವರ್ಷ ಬಿಟ್ಟು ಇನ್ನೊಂದು ಮನೆ. ಆಮೇಲೆ ಮತ್ತೊಂದು.

"ಎಮ್ಲಿನ್ ಮಾಮ ಎಲ್ಲರ ಹತ್ರ ಹೇಳ್ಕೊಂಡು ಓಡಾಡೋರು," ಎನ್ನುತ್ತಾರೆ ಎಲೆರಿ. "ಮೊಣಕಾಲು ಹೋಯ್ತು, ಹಲ್ಲು ಹೋಯ್ತು, ಗಂಟಲು ಮಾತ್ರ ಮದುವೆ ದಿನ ಹೇಗಿತ್ತೋ ಹಾಗೇ ಇದೆ ಅಂತ. ಅವರು ಹಾಗಂದಾಗ ಬೆಟಿಯಮ್ಮ ಪಿಯಾನೋ ಹಿಂದೆ ಬಗ್ಗಿ ಏನೋ ಹುಡುಕೋರು. ನಾನು ಕಪ್ಪು ತೊಳೆಯೋಕೆ ಹೋಗ್ತಿದ್ದೆ."

ಮೇಲಿನವರಿಗಾಗಿ ಇಳಿಸಿದಷ್ಟೂ ತಳದವರು ಗುಂಡಿಗೆ ಇಳಿಯುತ್ತಾರೆ. ಎಲೆರಿ ಅದಕ್ಕೂ ಉಪಾಯ ಮಾಡಿ, ತಳದನಿಯ ತೀರಾ ಕೆಳಗಿನ ಸ್ವರಗಳನ್ನು ತಿದ್ದಿ ಮೇಲೆ ತಂದರು. ಆದರೂ ಒಂದು ದಿನ ತಳದನಿಯ ವಿಂಡಮ್, ವೃಂದದ ಅಧ್ಯಕ್ಷರು, ಗೊಣಗಿದರಂತೆ: "ಏನಮ್ಮ ಎಲೆರಿ, ಗಣಿ ಮುಚ್ಚಿ ಇಷ್ಟು ವರ್ಷ ಆಯ್ತು, ನನ್ನನ್ನ ಮಾತ್ರ ಇನ್ನೂ ಕೆಳಗೇ ಕಳಿಸ್ತಿದೀಯ."

ಈ ನಡುವೆ ವೃಂದದವರೇ ಲಾಟರಿ ಚೀಟಿ ಮಾರಿ ದುಡ್ಡು ಕೂಡಿಸಿ, ಎಲೆರಿಗೆ ಒಂದು ಹೊಸ ಕೃತಿ ಬರೆಯಲು ಹೇಳಿದ್ದಾರೆ. ಯಾರದೋ ಹಾಡನ್ನು ಕತ್ತರಿಸಿ ಹೊಂದಿಸುವುದಲ್ಲ, ಎಲೆರಿಯದೇ ರಚನೆ. ಬರುವ ಅಕ್ಟೋಬರ್‌ನಲ್ಲಿ ಚಾಪೆಲ್‌ನಲ್ಲಿ, ಊರಿನ ಪ್ರಾರ್ಥನಾಮಂದಿರದಲ್ಲಿ, ಅದರ ಗಾಯನ. ಇಂಥ ಕೆಲಸ ಎಲೆರಿಗೆ ಸಿಕ್ಕಿರುವುದು ಇದೇ ಮೊದಲು. ಹಿಂದೆ ಈ ಬೀದಿಯ ತಾಯಂದಿರು ಕತ್ತಲಾಗುವಾಗ ಬಾಗಿಲಲ್ಲಿ ನಿಂತು ಮಕ್ಕಳನ್ನು ಮನೆಗೆ ಕರೆಯುತ್ತಿದ್ದ ಕೂಗುಗಳಿಂದ ಅದನ್ನು ಕಟ್ಟುತ್ತಿದ್ದಾರೆ. ಕೆಳಗಿನ ಮೂರು ದನಿಗಳು ಬೀದಿ, ಗುಡ್ಡ, ಸಂಜೆ. ಮೇಲುದನಿ ತಾಯಿಯ ಕೂಗು. ಆ ಕೂಗನ್ನು ಕೊಟ್ಟವರು ಎಮ್ಲಿನ್. ತಮ್ಮ ತಾಯಿ ತಮ್ಮನ್ನು ಹೇಗೆ ಕರೆಯುತ್ತಿದ್ದರೆಂದು ಎಲೆರಿಯ ಅಡುಗೆಮನೆಯಲ್ಲೇ ಹಾಡಿ ತೋರಿಸಿದ್ದರು.

ಬರೆಯಲು ಬಿಡುವು ಸಿಗಬೇಕಲ್ಲ. ಮದುವೆ, ಅಂಗಡಿ, ಯುಕುಲೇಲೆ ಎಲ್ಲವೂ ಮುಗಿದ ಮೇಲೆ ಮಿಕ್ಕ ಹೊತ್ತು ಅದರದು. ಅದೇ ಓಟದಲ್ಲಿ ಈ ವಸಂತದಲ್ಲಿ ಒಂದು ತಪ್ಪಾಯಿತು. ಪಕ್ಕದ ಕಣಿವೆಯ ವೃಂದದ ಜೊತೆ ಸೇರಿ ಒಂದು ಕಾರ್ಯಕ್ರಮವಿತ್ತು. ಬೆಟಿಯಮ್ಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಪಿಯಾನೋಗೆ ಆ ಕಡೆಯವರು. ಇಳಿಸಿದ ಶ್ರುತಿಯ ಹಾಳೆಯನ್ನು ಎಲೆರಿ ಅವರಿಗೆ ಕಳಿಸಬೇಕಿತ್ತು. ಕಾರ್ಯಕ್ರಮದ ದಿನ ಬೆಳಗಿನಿಂದ ಕಾರ್ಪೆಟ್ ಅಂಗಡಿಯವನ ತಿದ್ದುಪಡಿ, ಆಮೇಲೆ ದೂರದ ಊರಿನ ಮದುವೆ. ಮರೆತೇ ಹೋಯಿತು.

ಅಂದು ಆ ಸಭೆಯಲ್ಲಿ ನಾನಿದ್ದೆ. ಚಿಕ್ಕಂದಿನಿಂದ ಹಾಡಿಕೊಂಡು ಬಂದ ಪ್ರಾರ್ಥನೆ. ಮೂಲ ಶ್ರುತಿಯಲ್ಲೇ ಪಿಯಾನೋ ಶುರುವಾಯಿತು. ಮೇಲಿನ ಸ್ವರ ಬರುವಲ್ಲಿ ಎಮ್ಲಿನ್ ಎಂದಿನಂತೆ ಗದ್ದ ಎತ್ತಿದರು, ಬಾಯಿ ತೆರೆದರು. ದನಿ ಬರಲಿಲ್ಲ. ಇನ್ನೊಮ್ಮೆ ಯತ್ನಿಸಿದರು. ಆಮೇಲೆ ಹಾಡು ಮುಗಿಯುವವರೆಗೂ ಬಾಯಿ ಮುಚ್ಚಿಕೊಂಡು, ಹಾಳೆಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು.

ಅದರ ಮುಂದಿನ ಮಂಗಳವಾರದ ಅಭ್ಯಾಸಕ್ಕೆ ಅವರು ಬರಲಿಲ್ಲ. ಅದರಾಚೆಯ ವಾರವೂ ಇಲ್ಲ. ಒಂದೇ ರಾತ್ರಿಯಲ್ಲಿ ಗಂಟಲು ಹೋಯಿತು, ಏನೋ ಕೆಟ್ಟ ಕಾಯಿಲೆ ಇರಬೇಕು ಎಂದು ಡಾಕ್ಟರ ಹತ್ತಿರ ಹೋಗಿದ್ದರಂತೆ. ಅದು ಕಿವಿಗೆ ಬಿದ್ದ ದಿನ ಎಲೆರಿ ಕೈಯ ಕೆಲಸ ಬಿಟ್ಟು ಅವರ ಮನೆಗೆ ಹೋದರು. ದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಬೇಯಿಸಿದ ಬಿಲ್ಲೆಗಳನ್ನು ಒಯ್ದಿದ್ದರು. ಅವನ್ನು ಯಾರೂ ಮುಟ್ಟಲಿಲ್ಲ.

"ಕಾಯಿಲೆ ಇಲ್ಲ ಮಾಮ. ನಾನೇ ಇಳಿಸ್ತಾ ಬಂದೆ," ಎಂದು ಎಲ್ಲ ಹೇಳಿಬಿಟ್ಟರು.

ಎಮ್ಲಿನ್ ಬೈಯಲಿಲ್ಲವಂತೆ. "ಬೈದಿದ್ರೆ ಚೆನ್ನಾಗಿರ್ತಿತ್ತು," ಎನ್ನುತ್ತಾರೆ ಎಲೆರಿ, ಪಿಯಾನೋದ ಮೇಲಿನ ಧೂಳನ್ನು ತೋಳಿನಿಂದ ಒರೆಸುತ್ತ. "ಅವರು ಅಂದಿದ್ದು ಇಷ್ಟೇ. ಹೆಂಡ್ತಿ ಹೋದಾಗ ಹೋದಳು ಅಂತ ಹೇಳಿದ್ರಿ. ಅದನ್ನ ತಡ್ಕೊಂಡೆ. ಗಂಟಲು ಹೋಗಿದ್ದನ್ನ ಹೇಳಿದ್ರೆ ತಡ್ಕೊಳ್ತಿರ್ಲಿಲ್ವಾ ಅಂದ್ರು."

ಎಲೆರಿ ಎದ್ದು ಬರುವಾಗ ಎಮ್ಲಿನ್ ಬಾಗಿಲಲ್ಲಿ ತಡೆದರಂತೆ.

"ನಿಜವಾಗ್ಲೂ ಈಗ ಎಷ್ಟು ಉಳಿದಿದೆ, ಅಳೆದು ಹೇಳು."

"ಬೇಡ ಮಾಮ."

"ನನ್ನ ಆಸ್ತಿ ನಂಗೆ ತೋರಿಸೋಕೆ ನಿಂಗೇನಮ್ಮ ಕಷ್ಟ?"

ಮರುದಿನ ಎಲೆರಿಯ ಅಡುಗೆಮನೆಯಲ್ಲಿ ಪಿಯಾನೋದ ಒಂದೊಂದು ಮನೆಯನ್ನೂ ಒತ್ತಿ ಇಬ್ಬರೂ ಅಳೆದರು. ಅಲುಗದೆ ನಿಲ್ಲುವ ಸ್ವರಗಳು ಆರು. ಅವುಗಳ ಮೇಲೆ ಇನ್ನೊಂದಕ್ಕೆ ಏರಿದಾಗ ದನಿ ಒಡೆಯಿತು. "ಇಷ್ಟೇನಾ?" ಎಂದು ಎಮ್ಲಿನ್ ಕೇಳಿದರು. "ಇಷ್ಟೇ," ಎಂದರು ಎಲೆರಿ. "ಸರಿ ಹಾಗಾದ್ರೆ. ಇಷ್ಟಕ್ಕೇ ಬರಿ," ಎಂದು ಟೋಪಿ ಹಾಕಿಕೊಂಡು ಹೊರಟರು.

ಮಂಗಳವಾರ ಎಲ್ಲರೆದುರು ಎಲೆರಿಯೇ ನಿಂತು ಒಪ್ಪಿಕೊಂಡರು. ಕೆಲವರು ನಕ್ಕರು. ವಿಂಡಮ್, "ಅಂದ್ರೆ ನಾನು ಕುಳ್ಳ ಆಗಿಲ್ಲ, ನೀನೇ ನೆಲ ಅಗೆದಿದ್ದು," ಎಂದರು. ಗೆಥಿನ್ ನಗಲಿಲ್ಲ. ಅವರಿಗಿನ್ನೂ ಮೂಲ ಶ್ರುತಿ ಎಟುಕುತ್ತದೆ. "ಮೇಲಕ್ಕೆ ಹಾಡಬಹುದಾಗಿದ್ದ ನನ್ನ ಕೊನೇ ಒಳ್ಳೇ ವರ್ಷಗಳನ್ನ ಎಮ್ಲಿನ್ ಲೆಕ್ಕಕ್ಕೆ ಹಾಕಿಬಿಟ್ಟೆ ನೀನು," ಎಂದು ಹಾಳೆಗಳನ್ನು ಕುರ್ಚಿಯ ಮೇಲಿಟ್ಟು ಹೋದರು. ಇನ್ನೂ ಇಬ್ಬರು ಅವರ ಹಿಂದೆಯೇ ಹೋದರು. ಎಲೆರಿ ಎರಡು ಸಲ ಗೆಥಿನ್‌ರ ಮನೆಗೆ ಹೋಗಿ ಬಂದಿದ್ದಾರೆ. ಬಾಗಿಲು ತೆರೆದು ಮರ್ಯಾದೆಯಿಂದ ಮಾತಾಡಿಸುತ್ತಾರೆ, ಒಳಗೆ ಕರೆಯುವುದಿಲ್ಲ.

ಈಗ ಮೇಲುದನಿಯೆಂದರೆ ಎಮ್ಲಿನ್ ಒಬ್ಬರೇ. ತಾಯಿಯ ಕೂಗು ಅವರ ಆರು ಸ್ವರಗಳಲ್ಲಿ ನಿಂತಿದೆ. ಅದನ್ನು ಬರೆಯುವಾಗ ಎಲೆರಿ ಎಷ್ಟೋ ಕಡೆ ಉಸಿರಿಗೆ ಜಾಗ ಮಾಡಿದ್ದಾರೆ. ತಾಯಂದಿರು ಕೂಗಿ, ತಡೆದು, ಉತ್ತರ ಬರುತ್ತದೆಯೇ ಎಂದು ಕಿವಿಗೊಡುತ್ತಿದ್ದರಲ್ಲ, ಹಾಗೆ. ಕಳೆದ ಮಂಗಳವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬೀದಿ, ಗುಡ್ಡ, ಸಂಜೆ ಮೆಲ್ಲಗೆ ಎದ್ದವು. ಅವುಗಳ ಮೇಲೆ ಒಂದು ಹಳೆಯ, ಒಣಗಿದ ದನಿ ಕೂಗಿತು, ತಡೆಯಿತು, ಮತ್ತೆ ಕೂಗಿತು. ಮೂರನೆಯ ಸಲಕ್ಕೆ ಕೆಮ್ಮು ಬಂತು. ಎಲ್ಲರೂ ಕಾದರು.

ಚಹಾದ ಹೊತ್ತಿನಲ್ಲಿ ವಿಂಡಮ್ ಎಲೆರಿಯನ್ನು ಮೂಲೆಗೆ ಕರೆದರು. "ಅಲ್ಲಮ್ಮ, ಮೇಲುದನಿ ಇಲ್ದೆ ಮೂರು ದನಿಗೂ ಒಂದು ಬರ್ದಿಟ್ಕೋ. ಅಕ್ಟೋಬರ್ ಇನ್ನೂ ದೂರ ಇದೆ, ಅಲ್ಲೀವರೆಗೆ ಎಮ್ಲಿನ್ ಹೇಗಿರ್ತಾನೋ."

ಮೆಲ್ಲಗೆ ಮಾತಾಡುವುದು ತಳದನಿಯವರಿಗೆ ಆಗುವುದಿಲ್ಲ. ಬಿಸ್ಕತ್ತು ಅದ್ದುತ್ತಿದ್ದ ಎಮ್ಲಿನ್ ತಲೆಯೆತ್ತಿದರು. "ಅವನು ಹೇಳೋದು ಸರಿ ಇದೆ ಮಗಳೇ. ಬರ್ದಿಡು. ನಂಗೇನೂ ಬೇಜಾರಿಲ್ಲ."

"ಬಿಡುವಿಲ್ಲ ಮಾಮ. ಯುಕುಲೇಲೆಯೋರು ತಲೆ ತಿಂತಿದಾರೆ," ಎಂದು ಎಲೆರಿ ಕಪ್ಪುಗಳನ್ನು ಒಟ್ಟುಮಾಡತೊಡಗಿದರು.

ಯುಕುಲೇಲೆಯವರ ಕೆಲಸ ಆಗಲೇ ಮುಗಿದು ವಾರವಾಗಿತ್ತು ಎಂದು ನನಗೆ ಗೊತ್ತು. ಇಂದು ಬೆಳಿಗ್ಗೆ, ವಿಡಿಯೋ ಕೊನೆಗೂ ಸರಿಬಂದ ಮೇಲೆ, ಮೂರು ದನಿಗೆ ಬರೆಯುವುದು ಅಷ್ಟು ಕಷ್ಟವೇ ಎಂದು ಕೇಳುತ್ತೇನೆ.

"ಕಷ್ಟ ಏನಿಲ್ಲ, ಒಂದು ಬೆಳಗಿನ ಕೆಲಸ," ಎನ್ನುತ್ತಾರೆ ಎಲೆರಿ, ಇಸ್ತ್ರಿಯ ಅಂಗಿ ಕಳಚಿ ಹಳೆಯ ಸ್ವೆಟರ್ ತೊಟ್ಟುಕೊಳ್ಳುತ್ತ. "ಇಷ್ಟು ವರ್ಷ ಅದನ್ನೇ ಮಾಡಿದೀನಿ. ಯಾರು ಹೋದ್ರೂ ಹಾಡು ನಿಲ್ಲಬಾರ್ದು ಅಂತ, ಅವರ ಜಾಗ ಕಾಣದ ಹಾಗೆ ಮುಚ್ಚಿ ಹೊಲಿದುಕೊಟ್ಟಿದೀನಿ. ಇದೊಂದನ್ನ ಹಾಗೆ ಮಾಡಲ್ಲ. ಎಮ್ಲಿನ್ ಮಾಮ ಬಂದ್ರೆ ಹಾಡ್ತೀವಿ. ಬರದೇ ಹೋದ್ರೆ, ನಂದು ಒಂದು ಹಾಡು ನಿಲ್ಲಲಿ."