ಟವೆಲ್ಲು ಹರಿಯಿತು, ಬಸಣ್ಣ ಉಳಿದ

ಕೆಂಪು ಬಟನ್ ಒತ್ತಿದೆ. ಬೆಲ್ಟ್ ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಊಹೂಂ.

ಕಳೆದ ವಾರ ಶಿಕಾರಿಪುರದ ಒಂದು ಮೆಕ್ಕೆಜೋಳದ ಗೋದಾಮಿನಲ್ಲಿ ನಡೆದದ್ದು. ಗೆಳೆಯನೊಬ್ಬ ಕೂರಿಸಿದ್ದ ಯಂತ್ರ ನೋಡಲು ಹೋಗಿದ್ದೆ. ಚೀಲ ಸಾಗಿಸುವ ಬೆಲ್ಟಿನ ರೋಲರಿಗೆ ಹಮಾಲಿ ಬಸಣ್ಣನ ಕೊರಳಿನ ಹಳೇ ಟವೆಲ್ಲು ಸಿಕ್ಕಿಕೊಂಡಿತ್ತು. ಅವನ ಮುಖ ರೋಲರಿನ ಹತ್ತಿರ ಹೋಗುತ್ತಿತ್ತು. ನಾನು ಒತ್ತುತ್ತಲೇ ಇದ್ದೆ. (ಈಗಲೂ ಕಾಲಿಂಗ್ ಬೆಲ್ ಎರಡೆರಡು ಸಲ ಒತ್ತುತ್ತೇನೆ.)

ಪರ್ ಎಂದು ಟವೆಲ್ಲು ಹರಿಯಿತು. ಬಸಣ್ಣ ಹಿಂದಕ್ಕೆ, ಚೀಲಗಳ ಮೇಲೆ ಬಿದ್ದ. ಯಾರೋ ಓಡಿ ಮೇನ್ ಸ್ವಿಚ್ ಎಳೆದರು.

“ಹೊಸಾದು ತಗೊಳ್ರೀ ಅಂತ ಮನ್ಯಾಗ ಹೆಂಡ್ತಿ ದಿನಾ ಬೈತಿದ್ಲು ಸರ್,” ನೀರು ಕುಡಿದು ಬಸಣ್ಣ ನಕ್ಕ. “ತಗೊಂಡಿದ್ರ ಇವತ್ತು ನನ್ ಕತಿ ಮುಗೀತಿತ್ತು.”

ನನಗೆ ನಗು ಬರಲಿಲ್ಲ.

ಆದದ್ದೇನು? ಬೆಲ್ಟನ್ನು ನಡೆಸುವುದು ಒಂದು ಪುಟ್ಟ ಕಂಪ್ಯೂಟರ್. ಚೀಲ ಎಣಿಸುವ ಸೆನ್ಸರಿನ ಮಾತನ್ನು ಅದಕ್ಕೆ ತಿಳಿಸುವ ಪ್ರೋಗ್ರಾಂ ‘ಡ್ರೈವರ್’. ಬರೆದವನು ಸೊರಬದ ನನ್ನ ಗೆಳೆಯ ಮಂಜು. ಡ್ರೈವರ್ ಇಡಲು ಎರಡು ಜಾಗ. ಕಂಪ್ಯೂಟರಿನ ಜೀವವೇ ಇರುವ ಒಳಮನೆ ಕರ್ನಲ್ ಸ್ಪೇಸ್. ಉಳಿದ ಪ್ರೋಗ್ರಾಂಗಳು ಓಡಾಡುವ ಜಗಲಿ ಯೂಸರ್ ಸ್ಪೇಸ್. ಜಗಲಿಯಲ್ಲಿ ಎಡವಿದ್ದು ತಾನೊಂದೇ ಬೀಳುತ್ತದೆ. ಎಣಿಕೆ ನಿಂತದ್ದನ್ನು ಕಂಡು ಕಂಪ್ಯೂಟರ್ ಬೆಲ್ಟನ್ನು ನಿಲ್ಲಿಸಬಹುದು. ಒಳಗೆ ಎಡವಿದರೆ? ಇಡೀ ಕಂಪ್ಯೂಟರೇ ಮಲಗುತ್ತದೆ.

ಮಂಜು ಒಳಗಿಟ್ಟಿದ್ದ. ಸೆನ್ಸರಿಗೆ ಜೋಳದ ಧೂಳು ಕೂತು ಏನೇನೋ ಲೆಕ್ಕ ಬಂತು. ಡ್ರೈವರ್ ಎಡವಿತು, ಕಂಪ್ಯೂಟರ್ ಮಲಗಿತು. ‘ನಿಲ್ಲು’ ಅನ್ನುವವರಿಲ್ಲದೆ ಬೆಲ್ಟ್ ಓಡುತ್ತಲೇ ಇತ್ತು. ಕೆಂಪು ಬಟನ್ನಿನ ಮಾತು ಕೇಳಬೇಕಾದದ್ದೂ ಅದೇ ಕಂಪ್ಯೂಟರ್!

“ಒಳಗಿದ್ರೆ ಸ್ಪೀಡ್ ಮಾರಾಯಾ,” ಅಂದ ಮಂಜು. “ಹೊರಗಿಟ್ರೆ ಪ್ರತಿ ಸಲ ಹೊಸಿಲು ದಾಟಿ ಬರ್ಬೇಕು.”

ನಿಜ. ಕಣ್ಣು ಮಿಟುಕಿಸುವುದರೊಳಗೆ ರಾಶಿ ಕೆಲಸ ಮುಗಿಸಬೇಕಾದ ಡಿಸ್ಕು, ನೆಟ್‌ವರ್ಕ್ ಕಾರ್ಡುಗಳಿಗೆ ಆ ವೇಗ ಬೇಕು. ಚೀಲ ಎಣಿಸಲಿಕ್ಕೆ?

“ಬಸಣ್ಣ ಒಂದು ಚೀಲ ಇಟ್ಟು, ಬೆವರು ಒರೆಸಿ, ಇನ್ನೊಂದು ಇಡ್ತಾನೆ. ಅಷ್ಟರಲ್ಲಿ ನಿನ್ ಡ್ರೈವರ್ ಹೊಸಿಲು ದಾಟಿ ಸಂತೆ ಮುಗಿಸ್ಕೊಂಡೇ ಬರ್ಬಹುದು!” ಅಂದೆ ನಾನು.

ಮಂಜು ಅದೇ ದಿನ ಬಟನ್ನಿನ ವೈರ್ ಬದಲಿಸಿದ. ಒತ್ತಿದರೆ ಈಗ ನೇರವಾಗಿ ಮೋಟರಿನ ಕರೆಂಟೇ ಹೋಗುತ್ತದೆ. ಸರಿ. ಆದರೆ ಒತ್ತಲು ಹತ್ತಿರ ಯಾರೂ ಇಲ್ಲದಿದ್ದರೆ? ಡ್ರೈವರ್ ಇನ್ನೂ ಒಳಗೇ ಇದೆ. ಕೇಳಿದರೆ “ನೋಡಣ” ಅನ್ನುತ್ತಾನೆ.

ಗಟ್ಟಿಯಾದದ್ದೇ, ವೇಗದ್ದೇ ಬೇಕು ನಮಗೆ. ಸುಲಭವಾಗಿ ಹರಿದು ತಾನು ಮಾತ್ರ ಹಾಳಾಗುವುದೂ ಒಂದು ಗುಣ ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಸೋಮವಾರದಿಂದ ಮತ್ತೆ ಕೆಲಸ ಶುರು. ಬಸಣ್ಣನ ಹೆಂಡತಿ ಕೊನೆಗೂ ಹೊಸ ಟವೆಲ್ಲು ತಂದಿದ್ದಾಳಂತೆ, ದಪ್ಪನೆಯದು.

ಎಳೆದರೆ ಅದು ಹರಿಯುತ್ತದಾ?