ಬೋರಕ್ಕ ಸಾರಿಸಿದ ಒಳಗೋಡೆ

ರಾಂಪುರದ ಆಚೆಯ ಒಂದು ಹಟ್ಟಿಯಲ್ಲಿ ಗೋಡೆ ಅಂದರೆ ಬೋರಕ್ಕ. ಮದುವೆಯಾಗಿ ಬಂದಾಗಿನಿಂದ, ಯುಗಾದಿಗೆ ಮುಂಚೆ ಬೋರೇದೇವರ ಗುಡಿಯ ಹೊರಗೋಡೆಗೆ ಕೆಮ್ಮಣ್ಣು ಸಾರಿಸುವುದು ಅವಳದೇ ಕೆಲಸ. ಬೇರೆ ಯಾರಾದರೂ ಕೈ ಹಾಕಿದರೆ, "ಗೋಡೆಗೆ ಕಜ್ಜಿ ಬಂದಂಗೆ ಕಾಣ್ತೈತೆ, ಬಿಡೇ" ಎಂದು ಗದರುತ್ತಿದ್ದಳು. ಇಷ್ಟು ಜಂಬದವಳು ಒಳಗಿನ ದೇವರನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಪಾಳೇಗಾರರ ಕಾಲದ್ದೆಂದು ಹಿರಿಯರು ಹೇಳುವ ಆ ಹುಲ್ಲು ಸೂರಿನ ಗುಡಿಯೊಳಗೆ ಪೂಜಾರಿಯ ಹೊರತು ಯಾರೂ ಕಾಲಿಡುವಂತಿಲ್ಲ. ಬಾಗಿಲಿಗೂ ಸದಾ ಬಿದಿರಿನ ತಡಿಕೆ ಅಡ್ಡ.

ತೊಂಬತ್ತೆಂಟರ ಬೇಸಿಗೆಯ ಒಂದು ಮಧ್ಯಾಹ್ನ ಪಕ್ಕದ ಬಣವೆ ಹೊತ್ತಿ, ಗಾಳಿಗೆ ಹಾರಿದ ಕಿಡಿ ಸೂರಿಗೆ ಬಿತ್ತು. ಪೂಜಾರಿ ಯತ್ತಪ್ಪ ದೇವರಿಗೆ ಬಿಟ್ಟ ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದ. ಹಟ್ಟಿಗೆ ಹಟ್ಟಿಯೇ ಕೊಡ ಹೊತ್ತು ಓಡಿಬಂತು. ಬಂದು ಹೊಸಿಲ ಮುಂದೆ ನಿಂತುಬಿಟ್ಟಿತು. ಒಳಗೆ ತೊಲೆ ಉರಿಯುತ್ತಿದ್ದರೆ ಇವರು ಹೊರಗಿಂದಲೇ ನೀರೆರಚಿದರು. ಅರ್ಧ ನೀರನ್ನು ಗೋಡೆಯೇ ಕುಡಿಯಿತು. ಇಂಥ ಮಡಿವಂತರಿಗೆ ಏನನ್ನಬೇಕೋ! ಬೋರಕ್ಕನೂ ಅವರಲ್ಲೊಬ್ಬಳು. ಕೊಡ ಸೊಂಟದಲ್ಲಿತ್ತು, ಕಾಲು ಏಳಲಿಲ್ಲ.

ಹೊಗೆ ಇಳಿದಾಗ ಸೂರೂ ಇರಲಿಲ್ಲ, ತಡಿಕೆಯೂ ಇರಲಿಲ್ಲ. ಬೂದಿಯ ನಡುವೆ ಮೊಣಕಾಲೆತ್ತರದ ಒಂದು ಕರಿಕಲ್ಲು ಬಿಸಿಲಲ್ಲಿ ಕೂತಿತ್ತು.

"ಇಷ್ಟು ಸಣ್ಣೋನೇನಪ್ಪ ನೀನು!" ಎಂದು ಬೋರಕ್ಕ ಹೋ ಎಂದು ಅತ್ತಳು.

ರಾಂಪುರದ ವ್ಯಾಪಾರಿ ಮುರುಗೇಂದ್ರಪ್ಪ ಒಳ್ಳೆಯ ಮನಸ್ಸಿನಿಂದಲೇ ಸಿಮೆಂಟಿನ ಸೂರು ಹಾಕಿಸಿಕೊಡುತ್ತೇನೆಂದ. ಯತ್ತಪ್ಪ ಕೈಮುಗಿದ: "ಬ್ಯಾಡ್ರಿ. ನಮ್ಮಪ್ಪ ಬೇಕಾದ್ರೆ ಬಿಸ್ಲಾಗೆ ಇರ್ತಾನೆ, ಹುಲ್ಲು ಬಿಟ್ಟು ಬ್ಯಾರೆ ಸೂರಿನಡಿ ಇರಲ್ಲ." ಹುಲ್ಲು ಬೆಳೆಯಲು ಮಳೆ ಬರಬೇಕು. ಹಟ್ಟಿ ಕಾಯಿತು. ಬೋರಕ್ಕ ದಿನಾ ಬೆಳಿಗ್ಗೆ ಹೊಸಿಲ ಹೊರಗೇ ನಿಂತು ದೇವರನ್ನು ಮಾತಾಡಿಸಿ ಬರುತ್ತಿದ್ದಳು. ಅವಳಿಗೆ ಅಂಥ ಸುಖ ಹಿಂದೆಂದೂ ಸಿಕ್ಕಿರಲಿಲ್ಲ. ಸುಟ್ಟ ಗುಡಿಯ ಮುಂದೆ ಸುಖಪಡುತ್ತೇನಲ್ಲ ಎಂಬ ಅಳುಕೂ ಇತ್ತು.

ಕಾರ್ತಿಕದಲ್ಲಿ ಜಟಿಂಗ ರಾಮೇಶ್ವರ ಗುಡ್ಡದ ಕಡೆಯಿಂದ ಹುಲ್ಲಿನ ಹೊರೆಗಳು ಬಂದವು. ಸುಟ್ಟು ಕರಿಯಾದ ಒಳಗೋಡೆ ಸಾರಿಸುವವರು ಯಾರು? ಒಳಗೆ ಹೋಗುವ ಯತ್ತಪ್ಪನಿಗೆ ಸಾರಿಸಲು ಬಾರದು, ಸಾರಿಸುವ ಬೋರಕ್ಕ ಒಳಗೆ ಹೋಗುವಂತಿಲ್ಲ. ಹಿರಿಯರು ತಲೆ ಕೆರೆದುಕೊಂಡರು.

"ಸೂರಿಲ್ದ ಮ್ಯಾಲೆ ಅದು ಗುಡಿ ಹೆಂಗಾಗ್ತೈತೆ? ಬರೀ ಗೋಡೆ," ಎಂದ ಯತ್ತಪ್ಪ. "ಗೋಡೆ ಅಂದ್ರೆ ಬೋರಕ್ಕಂದು. ಬಾರವ್ವ ಒಳಗೆ."

ಅವಳು ಒಳಗೆ ಹೋದಳು. ಮೇಲೆ ಯತ್ತಪ್ಪ ಹುಲ್ಲು ಹೊದಿಸುತ್ತ ಬಂದ, ಕೆಳಗೆ ಅವಳು ಸಾರಿಸುತ್ತ ಬಂದಳು. ಒಂದೊಂದು ಹೊರೆ ಕೂತಾಗಲೂ ಒಳಗೆ ಬೆಳಕು ಕಡಿಮೆಯಾಯಿತು. ಕೊನೆಯ ಹೊರೆಯ ಹೊತ್ತಿಗೆ ಗೋಡೆ ಮುಗಿದಿದ್ದರೂ, "ಇಲ್ಲೊಂದು ಕೈ ಬೇಕು, ತಡಿ" ಅಂದಳು. ಇನ್ನೊಮ್ಮೆಯೂ ಅಂದಳು. ಯತ್ತಪ್ಪನಿಗೆ ತಿಳಿಯಿತು. "ಸಾರ್ಸವ್ವ. ಅವ್ನಿಗೇನು ಅವಸರ ಐತೆ?" ಎಂದು ಸೂರಿನ ಮೇಲೆ ಬೀಡಿ ಕೂಡ ಹಚ್ಚದೆ ಕಾಯುತ್ತ ಕೂತ.

ಬೋರಕ್ಕ ದೇವರನ್ನು ಕಣ್ತುಂಬ ನೋಡಿದಳು. ಆಮೇಲೆ ಕೈ ತೊಳೆದು ಹೊಸಿಲು ದಾಟಿ ಬಂದು, ಕೊನೆಯ ಹೊರೆಯನ್ನು ತಾನೇ ಎತ್ತಿ ಯತ್ತಪ್ಪನ ಕೈಗೆ ಕೊಟ್ಟಳು. "ಹಾಕಪ್ಪ. ಚಳಿ ಬರ್ತೈತೆ, ಪಾಪ ಅವ್ನಿಗೆ."

ಈಗಲೂ ಯುಗಾದಿಗೆ ಮುಂಚೆ ಹೊರಗೋಡೆ ಸಾರಿಸುತ್ತಾಳೆ. ದೇವರ ಬೆನ್ನಿರುವ ಜಾಗ ಯಾವುದೆಂದು ಅವಳಿಗೆ ಗೊತ್ತು. ಅಲ್ಲಿಗೆ ಬಂದಾಗ ಕೈ ನಿಧಾನ ಮಾಡುತ್ತಾಳೆ.